ಗಂಟು ನೋಡಿ ಕೈ ಹೇಳುವ ಸೇಸಮ್ಮ

ಬೆಳಗ್ಗೆ ಆರೂಮುಕ್ಕಾಲು. ಗುರುವಾಯನಕೆರೆಯಿಂದ ಮೂಡುಬಿದಿರೆ ಕಡೆಗೆ ಹೋಗುವ ಬಸ್ಸು ನೇರೊಳ್ಪಲ್ಕೆಯ ತಿರುವಿನಲ್ಲಿ ಹಾರ್ನ್ ಹೊಡೆಯುವ ಹೊತ್ತಿಗೆ ಅಲ್ಲಿನ ಬೀಡಿ ಬ್ರಾಂಚಿನ ಬಾಗಿಲು ತೆರೆದಾಗಿದೆ. ಬ್ರಾಂಚ್ ಎಂದರೆ ದೊಡ್ಡ ಸಂಗತಿಯೇನಲ್ಲ. ಹೆಂಚಿನ ಒಂದು ಕೋಣೆ, ಹೊಗೆಸೊಪ್ಪು ತೂಗುವ ತಕ್ಕಡಿ, ಗೋಡೆಗೆ ಒರಗಿಸಿದ ಎಲೆಯ ಮೂಟೆಗಳು, ಕಿಟಕಿಯ ಪಕ್ಕ ಒಂದು ಮೇಜು. ಮೇಜಿನ ಹಿಂದೆ ಸೇಸಮ್ಮ ನಿಂತಿದ್ದಾರೆ. ಕುರ್ಚಿ ಇದೆ, ಕೂರುವುದಿಲ್ಲ. ಟ್ಯೂಬ್‌ಲೈಟ್ ಇದೆ, ಹಾಕುವುದಿಲ್ಲ.

"ಟ್ಯೂಬ್‌ಲೈಟಲ್ಲಿ ಎಲ್ಲ ಬೀಡಿಯೂ ಚಂದ ಕಾಣ್ತದೆ ಮಾರ್ರೆ. ಈ ಕಿಟಕಿಯ ಬೆಳಕು ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸ್ತದೆ" ಎನ್ನುತ್ತಾ ಕನ್ನಡಕ ಏರಿಸುತ್ತಾರೆ. ಕನ್ನಡಕದ ಒಂದು ಕಾಲು ಮುರಿದಿದೆ. ಅದನ್ನು ಬೀಡಿ ನೂಲಿನಿಂದಲೇ ಬಿಗಿದಿದ್ದಾರೆ.

ಹೊರಗೆ ಹೆಂಗಸರ ಸಾಲು. ಒಬ್ಬೊಬ್ಬರ ಕೈಯಲ್ಲೂ ಒಂದು ಚೀಲ, ಚೀಲದೊಳಗೆ ನಿನ್ನೆಯ ಇಡೀ ದಿನ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಒಂದು ಸಾವಿರ. ಸೇಸಮ್ಮ ಕಟ್ಟೊಂದನ್ನು ಎತ್ತಿ, ತಲೆಕೆಳಗು ಮಾಡಿ, ಹೆಬ್ಬೆರಳಿನಿಂದ ಒತ್ತಿ, ನಾಲ್ಕೈದು ಬೀಡಿ ಎಳೆದು ನೋಡಿ ಬದಿಗಿಡುವುದಕ್ಕೆ ಅರ್ಧ ನಿಮಿಷವೂ ಬೇಡ. ಸರಿ ಇಲ್ಲದ್ದನ್ನು ಎಡಗಡೆಯ ಬುಟ್ಟಿಗೆ ಹಾಕುತ್ತಾರೆ. ಆ ಬುಟ್ಟಿಗೆ ಬಿದ್ದದ್ದು ರಿಜೆಕ್ಟ್. ಅದನ್ನು ಕಟ್ಟಿದವಳ ಶ್ರಮ ಅಲ್ಲಿಗೆ ಮುಗಿಯಿತು.

ಹೀಗೆ ನೋಡುವವರಿಗೆ ಇಲ್ಲಿ ಚೆಕ್ಕರ್ ಎನ್ನುತ್ತಾರೆ. ಬಂಟ್ವಾಳ, ಬೆಳ್ತಂಗಡಿ ಕಡೆಯ ಬ್ರಾಂಚುಗಳಲ್ಲಿ ಬೀಡಿ ಕಟ್ಟುವವರೆಲ್ಲ ಹೆಚ್ಚುಕಡಿಮೆ ಹೆಂಗಸರು. ಅದನ್ನು ಸರಿಯೋ ತಪ್ಪೋ ಎಂದು ಹೇಳುವವರು ಮಾತ್ರ ಹೆಚ್ಚುಕಡಿಮೆ ಗಂಡಸರು. ಇದು ಯಾರಿಗೂ ವಿಚಿತ್ರವಾಗಿ ಕಂಡಿಲ್ಲ ಎನ್ನುವುದೇ ನನಗೆ ವಿಚಿತ್ರ. ಐವತ್ತೇಳರ ಸೇಸಮ್ಮ ಇಪ್ಪತ್ತೆರಡು ವರ್ಷದಿಂದ ಈ ಮೇಜಿನ ಹಿಂದೆ ಇದ್ದಾರೆ.

ಅವರು ಇಲ್ಲಿ ನಿಂತದ್ದು ಹೇಗೆಂದು ಬ್ರಾಂಚ್ ನಡೆಸುವ ಅಬ್ದುಲ್ ಹಕೀಂ ಹೇಳುತ್ತಾರೆ. ಊರಿಗೆಲ್ಲ ಅವರು ಹಕೀಮಾಕ. "ಒಂದು ದಿನ ದೂರದ ಮನೆಗಳ ಬೀಡಿ ತರುವ ಜೀಪು ಚರಂಡಿಗೆ ಇಳಿದು ಹನ್ನೊಂದು ಮನೆಯ ಚೀಲ ಒಟ್ಟಾಯ್ತು. ಯಾರದ್ದು ಯಾವುದೆಂದು ಹೇಗೆ ಹೇಳುವುದು? ಆಗ ಇದ್ದ ಚೆಕ್ಕರ್ ತಲೆಗೆ ಕೈ ಇಟ್ಟು ಕೂತ. ಸೇಸಮ್ಮ ಆಗ ಬೀಡಿ ಕೊಡ್ಲಿಕ್ಕೆ ಬಂದವರು. ನಾನು ನೋಡ್ಲಾ ಅಂತ ಕೇಳಿದ್ರು. ಮಧ್ಯಾಹ್ನದ ಒಳಗೆ ಹನ್ನೊಂದು ಮನೆಯದ್ದನ್ನೂ ಹನ್ನೊಂದು ರಾಶಿ ಮಾಡಿದ್ರು. ಒಬ್ಬಳೂ ತಕರಾರು ಮಾಡ್ಲಿಲ್ಲ."

ಅಕ್ಷರದಿಂದ ಮನುಷ್ಯನನ್ನು ಗುರುತಿಸುವ ಹಾಗೆ ಸೇಸಮ್ಮ ಗಂಟಿನಿಂದ ಗುರುತಿಸುತ್ತಾರೆ. ನೂಲು ಎಷ್ಟು ಸುತ್ತು ಬಂದಿದೆ, ಎಳೆದು ಬಿಟ್ಟದ್ದು ಎಡಕ್ಕೋ ಬಲಕ್ಕೋ, ಬೀಡಿಯ ಬಾಯಿ ಮಡಚಿದ್ದು ಉಗುರಿನಿಂದಲೋ ಕತ್ತರಿಯ ತುದಿಯಿಂದಲೋ, ಎಲ್ಲ ಅವರಿಗೆ ತಿಳಿಯುತ್ತದೆ. ಕಾಯಿಲೆಯೂ ತಿಳಿಯುತ್ತದೆ. ಆಫ್ರಾ ಎಂಬ ಎಳೆ ಬಾಣಂತಿಯ ಗಂಟುಗಳು ಒಂದು ವಾರದಿಂದ ಜಾರುತ್ತಿದ್ದವಂತೆ. ಸೇಸಮ್ಮ ಬೀಡಿ ಪಕ್ಕಕ್ಕಿಟ್ಟು ಅವಳ ಬೆರಳು ಒತ್ತಿ ನೋಡಿದರು. ರಕ್ತವೇ ಇರಲಿಲ್ಲ. ಆಸ್ಪತ್ರೆಗೆ ಹೋಗಲು ಅವಳು ಅತ್ತೆಯನ್ನು ಕೇಳಬೇಕು, ಅತ್ತೆ ಮಗನನ್ನು ಕೇಳಬೇಕು, ಮಗ ಸೌದಿಯಲ್ಲಿ. ಸೇಸಮ್ಮ ಯಾರನ್ನೂ ಕೇಳದೆ ರಿಕ್ಷಾ ಕರೆದರು.

"ಅತ್ತೆ ನಂತರ ಬಂದು ಜೋರು ಮಾಡಿದ್ರು. ನಾನು ಹೇಳಿದೆ, ನಿಮ್ಮ ಸೊಸೆಯ ಬೀಡಿ ಸಡಿಲ ಇತ್ತು, ಬಿಗಿ ಮಾಡ್ಸಿ ತಂದಿದ್ದೇನೆ ಅಂತ" ಎಂದು ನಗುತ್ತಾರೆ.

ಈ ಧೈರ್ಯ ಸುಮ್ಮನೆ ಬಂದದ್ದಲ್ಲ. ಸೇಸಮ್ಮನ ತವರು ಪಾಣೆಮಂಗಳೂರಿನ ಹತ್ತಿರ. ಅಪ್ಪ ಮರಳಿನ ದೋಣಿಯ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಇಬ್ಬರು ಮಕ್ಕಳು, ಇವರು ಮತ್ತು ಇವರ ಅಣ್ಣ. ಇವರ ಐದನೆಯ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಣ್ಣನಿಗೆ ಹೈಸ್ಕೂಲಿನ ಚಡ್ಡಿ ಹೊಲಿಸಿದರು, ಇವರಿಗೆ ತಡ್ಪೆ ಕೊಟ್ಟರು. ತಡ್ಪೆ ಎಂದರೆ ಬೀಡಿ ಕಟ್ಟುವವರು ಮಡಿಲಲ್ಲಿಟ್ಟು ಕೂರುವ ಬಿದಿರಿನ ಗೆರಸೆ. ಈ ಕಡೆ ಆಗ ಹೆಣ್ಣುಮಗುವಿನ ಕೈಗೆ ಹೊಸ ತಡ್ಪೆ ಬಂತೆಂದರೆ ಶಾಲೆಯ ಚೀಲ ಇನ್ನು ಬೇಡ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಮದುವೆಗೆ ಹೆಣ್ಣು ನೋಡಲು ಬಂದವರು ಅಡುಗೆಯನ್ನು ಕೇಳುವ ಮೊದಲು ದಿನಕ್ಕೆ ಎಷ್ಟು ಬೀಡಿ ಎಂದು ಕೇಳುತ್ತಿದ್ದರು.

"ಅಣ್ಣ ಮೇಷ್ಟ್ರಾದ. ಈಗ ರಿಟೈರ್ಡ್, ಮೂಡುಬಿದಿರೆಯಲ್ಲಿ ಮನೆ ಮಾಡಿದ್ದಾನೆ. ಅವನ ಮೇಲೆ ಕೋಪ ಎಂತದ್ದೂ ಇಲ್ಲ. ನನ್ನ ಪುಸ್ತಕದಲ್ಲೆಲ್ಲ ನಿನ್ನ ಹೊಗೆಸೊಪ್ಪಿನ ವಾಸನೆ ಇತ್ತು ಅಂತ ಅವನೇ ಒಮ್ಮೆ ಹೇಳಿ ಅತ್ತ. ಪಾಪ, ಅವನೂ ಆಗ ಸಣ್ಣ ಹುಡುಗ. ಅವನೆಂತ ಮಾಡಿಯಾನು?"

ಮದುವೆಯಾಗಿ ನೇರೊಳ್ಪಲ್ಕೆಗೆ ಬಂದ ಮೇಲೂ ಕೈ ನಿಲ್ಲಲಿಲ್ಲ. ಆದರೆ ಕಟ್ಟಿದ ಬೀಡಿಯೆಲ್ಲ ಅತ್ತೆಯ ಹೆಸರಿನ ಪಾಸ್‌ಬುಕ್ಕಿಗೆ ಹೋಯಿತು. ಹದಿನಾಲ್ಕು ವರ್ಷ. ಗರ್ಭಕೋಶದ ತೊಂದರೆಯಾಗಿ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದಾಗ ಖರ್ಚು ಸಿಗಲು ಬೀಡಿ ಕಾರ್ಮಿಕರ ಕಾರ್ಡ್ ಎಲ್ಲಿ ಎಂದು ಕೇಳಿದರಂತೆ. ಕಾರ್ಡಿತ್ತು, ಅದರಲ್ಲಿ ಅತ್ತೆಯ ಫೋಟೊ ಇತ್ತು. ಬೀಡಿ ಕಟ್ಟಿ ಕುತ್ತಿಗೆ ಬಾಗಿದ ಹೆಂಗಸು ಬೀಡಿ ಕಾರ್ಮಿಕಳಲ್ಲ ಎಂದು ಕಾಗದ ಹೇಳುತ್ತಿತ್ತು. ಆ ಮಾತು ಕೇಳುವಾಗ ನನಗೇ ಮೈ ಉರಿಯಿತು. ಅವರು ಮಾತ್ರ ಮತ್ತೊಂದು ಕಟ್ಟು ಎತ್ತಿಕೊಂಡರು.

ಇವತ್ತು ಈ ಬ್ರಾಂಚಿಗೆ ಬೀಡಿ ಕೊಡುವವರು ಅರವತ್ತೆರಡು ಮಂದಿ. ದಿನಕ್ಕೆ ಸುಮಾರು ನಲವತ್ತು ಸಾವಿರ ಬೀಡಿ ಸೇಸಮ್ಮನ ಕಣ್ಣೆದುರು ಹಾದುಹೋಗುತ್ತದೆ. ಅರವತ್ತೆರಡು ಮಂದಿಗೂ ಅವರವರದೇ ಹೆಸರಿನ ಕಾರ್ಡ್ ಇದೆ. ಅದಕ್ಕಾಗಿ ಸೇಸಮ್ಮ ಎಷ್ಟು ಮನೆಯ ಜಗಲಿಯಲ್ಲಿ ಕೂತು ಎಷ್ಟು ಅತ್ತೆಯಂದಿರ ಬಾಯಿಗೆ ಸಿಕ್ಕಿದ್ದಾರೋ ಲೆಕ್ಕವಿಲ್ಲ.

ಪತ್ರಿಕೆಗೆ ಬರೆಯುವ ನಾನು ಈ ಬ್ರಾಂಚಿಗೆ ಬಂದದ್ದು ಬೇರೆಯೇ ಒಂದು ಸುದ್ದಿ ಕೇಳಿ. ಸೇಸಮ್ಮ ಗಂಟು ನೋಡಿ, ಯಾವ ಮನೆಯ ಹುಡುಗಿ ಶಾಲೆ ಬಿಟ್ಟಳೆಂದು ಹೇಳುತ್ತಾರಂತೆ.

"ಹಾಗೇನಿಲ್ಲ" ಎಂದು ಮೊದಲು ತಳ್ಳಿಹಾಕಿದರು. ಮಾತು ಮುಂದುವರಿಸಿದ್ದು ಸಾಲಿನಲ್ಲಿದ್ದ ವಸಂತಿ. ವಯಸ್ಸು ಮೂವತ್ತರ ಮೇಲೆ, ನಗುಮುಖ. "ನಾನೇ ಮೊದಲ ಕೇಸು" ಎಂದು ಮುಂದೆ ಬಂದರು.

ಸೇಸಮ್ಮ ಚೆಕ್ಕರ್ ಆದ ಹೊಸತು. ವಸಂತಿಯ ಅಮ್ಮನ ಕಟ್ಟಿನಲ್ಲಿ ಎಳೆಯ ಬೆರಳಿನ ಬೀಡಿ ಕಂಡವು. ಹುಡುಗಿ ಆಗ ಎಂಟನೆಯ ಕ್ಲಾಸು, ವಾರದಲ್ಲಿ ಮೂರು ದಿನ ಶಾಲೆಗೆ ರಜೆ. ಈ ಬೀಡಿ ನಡೆಯುವುದಿಲ್ಲ ಎಂದರೆ ಮಗಳನ್ನು ಶಾಲೆಗೆ ಕಳಿಸಿಯಾರು ಎಂದು ಸೇಸಮ್ಮ ಅಷ್ಟನ್ನೂ ರಿಜೆಕ್ಟ್ ಮಾಡಿದರು. ಒಂದು ವಾರ ಹಾಗೆಯೇ ಮಾಡಿದರು.

"ಅಪ್ಪ ಎಂತ ಹೇಳಿದ್ರು ಗೊತ್ತುಂಟಾ? ಅರ್ಧಂಬರ್ಧ ಕಲಿತರೆ ಹೀಗೇ, ಶಾಲೆ ಬಿಟ್ಟು ಸರಿಯಾಗಿ ಕೂತು ಕಲಿ ಅಂತ" ಎನ್ನುತ್ತಾರೆ ವಸಂತಿ. "ಮರುದಿನದಿಂದ ಶಾಲೆ ಇಲ್ಲ. ಈಗ ಇಡೀ ಬ್ರಾಂಚಲ್ಲಿ ನನ್ನಷ್ಟು ಚಂದ ಕಟ್ಟುವವರಿಲ್ಲ. ಹೌದಲ್ವಾ ಸೇಸಕ್ಕ?"

ಸೇಸಮ್ಮ ತಲೆ ಎತ್ತಲಿಲ್ಲ. "ಇವಳ ಬೀಡಿ ಒಂದು ದಿನವೂ ಆ ಬುಟ್ಟಿಗೆ ಬೀಳುವುದಿಲ್ಲ. ಅದನ್ನು ನೋಡುವಾಗೆಲ್ಲ ನನಗೆ ಆ ಒಂದು ವಾರ ನೆನಪಾಗ್ತದೆ" ಎಂದರು. ವಸಂತಿ ಮೇಜಿನ ಮೇಲಿದ್ದ ಅವರ ಕೈಯನ್ನು ಒಮ್ಮೆ ತಟ್ಟಿ ಹೊರಟುಹೋದರು.

ಅಂದಿನಿಂದ ಅವರ ಕ್ರಮ ಬದಲಾಯಿತು. ಎಳೆಯ ಕೈ ಕಂಡರೆ ರಿಜೆಕ್ಟ್ ಮಾಡುವುದಿಲ್ಲ, ಜನರೆದುರು ಬಾಯಿ ಬಿಡುವುದೂ ಇಲ್ಲ. ಅದರಿಂದ ಒಂದೇ ಒಂದು ಬೀಡಿ ಎಳೆದು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ. ಸಂಜೆ ಆ ಬೀಡಿಯೊಡನೆ ಆ ಮನೆಗೆ ಹೋಗುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಎಷ್ಟು ಹುಡುಗಿಯರು ಶಾಲೆಗೆ ಮರಳಿದ್ದಾರೆಂದು ಕೇಳಿದರೆ ಬೆರಳು ಮಡಚಿ ಹದಿನಾಲ್ಕು ಎನ್ನುತ್ತಾರೆ. ಕೂಡಲೇ ಸೇರಿಸುತ್ತಾರೆ: "ಆರು ಮನೆಯಲ್ಲಿ ನಾನು ಸೋತಿದ್ದೇನೆ. ಅದನ್ನೂ ಬರೀರಿ."

ನಾನು ಬಂದ ಆ ಜೂನ್ ತಿಂಗಳ ಮಂಗಳವಾರ ಅವರ ಸೆರಗಿನ ತುದಿಯಲ್ಲಿ ಒಂದು ಬೀಡಿ ಇತ್ತು.

ಅದು ಜಲಜಾಕ್ಷಿಯವರ ಚೀಲದ್ದು. ಜಲಜಾಕ್ಷಿ ದಿನಕ್ಕೆ ಸಾವಿರ ಬೀಡಿ ಕೊಡುವವರು. ಗಂಡ ಮಾಯಿಲಪ್ಪ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾರೆ. ಮಗ ಅಶೋಕ್ ಮೂಡುಬಿದಿರೆಯ ಒಂದು ಖಾಸಗಿ ಕಾಲೇಜಿನಲ್ಲಿ ಎರಡನೆಯ ಪಿಯುಸಿ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ. ಮಗಳು ಮೋಕ್ಷಿತಾ ಈ ಸಲ ಎಸ್‌ಎಸ್‌ಎಲ್‌ಸಿಯಲ್ಲಿ ಐನೂರ ನಲವತ್ತೊಂದು ಅಂಕ ತೆಗೆದಿದ್ದಾಳೆ. ಶಾಲೆಯ ಗೋಡೆಯ ಬ್ಯಾನರಿನಲ್ಲಿ ಅವಳ ಫೋಟೊ ಇನ್ನೂ ಇದೆ. ಸರಕಾರಿ ಪಿಯು ಕಾಲೇಜಿಗೆ ಸೇರಲು ಶುಕ್ರವಾರ ಕೊನೆಯ ದಿನ. ಮನೆಯಲ್ಲಿ ಅರ್ಜಿಯನ್ನೇ ತಂದಿಲ್ಲ.

ಸಂಜೆ ಐದಕ್ಕೆ ಸೇಸಮ್ಮನ ಹಿಂದೆ ನಾನೂ ಗುಡ್ಡ ಹತ್ತಿದೆ. ದಾರಿಯಲ್ಲಿ ನನಗೆ ಒಂದೇ ಕಟ್ಟಪ್ಪಣೆ, ನಡುವೆ ಬಾಯಿ ಹಾಕಬಾರದು. ಜಲಜಾಕ್ಷಿ ಜಗಲಿಯಲ್ಲಿ ತಡ್ಪೆ ಇಟ್ಟು ಕೂತಿದ್ದರು. ಸೇಸಮ್ಮ ಪಕ್ಕದಲ್ಲಿ ಕೂತು ಬೀಡಿಯನ್ನು ತಡ್ಪೆಯ ಅಂಚಿನಲ್ಲಿಟ್ಟರು. ಮಾತು ನಡೆದದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ನಿನ್ನ ಕೈ ಅಲ್ಲ ಜಲಜಾಕ್ಷಿ."

"ನನ್ನದೇ ಸೇಸಕ್ಕ. ನಿನ್ನೆ ಸ್ವಲ್ಪ ಕೈ ನೋವಿತ್ತು."

"ಕೈ ನೋವಿದ್ರೆ ಗಂಟು ಸಡಿಲ ಆಗ್ತದೆ. ಇದನ್ನು ನೋಡು, ಎಲೆ ಹರಿಯುವಷ್ಟು ಬಿಗಿ ಉಂಟು. ಇದು ಕೋಪದಲ್ಲಿ ಹಾಕಿದ ಗಂಟು."

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಜಲಜಾಕ್ಷಿ ಕತ್ತರಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. "ನನಗೆ ಮನಸ್ಸಿಲ್ವಾ ಸೇಸಕ್ಕ? ನನಗೆ ದಮ್ಮು, ಏಳುನೂರರ ಮೇಲೆ ಕೈ ಏಳುವುದಿಲ್ಲ. ಸಾವಿರ ಕೊಟ್ಟರೆ ಮನೆ ನಡೀತದೆ. ಉಳಿದ ಮುನ್ನೂರು ಯಾರು ಕಟ್ಟುವುದು?"

ನೋಡಿ, ಒಬ್ಬ ಹುಡುಗಿಯ ಓದಿಗೂ ಅವಳಿಗೂ ನಡುವೆ ಇದ್ದದ್ದು ಮುನ್ನೂರು ಬೀಡಿ, ಅಂದರೆ ಹನ್ನೆರಡು ಕಟ್ಟು. ಮಗನ ಓದಿನ ನಡುವೆ ಅದು ಯಾವತ್ತೂ ಬಂದಿರಲಿಲ್ಲ. ಆಗ ಸೇಸಮ್ಮ ಉಪದೇಶ ಮಾಡಿಯಾರು ಎಂದುಕೊಂಡೆ, ಮಾಡಲಿಲ್ಲ. ಮಾಯಿಲಪ್ಪ ಮನೆಯಲ್ಲಿ ಇರುವ ಹೊತ್ತು ಕೇಳಿಕೊಂಡು ಎದ್ದರು. ಹೊರಡುವ ಮೊದಲು ಒಳಕ್ಕೆ ಮುಖಮಾಡಿ, "ಮೋಕ್ಷಿತಾ, ಅರ್ಜಿ ತಂದಿಡು ಮಗಾ. ತುಂಬಿಸುವುದು ಮತ್ತೆ ನೋಡುವ" ಎಂದರು. ಬಾಗಿಲ ಸಂದಿಯಲ್ಲಿ ಎರಡು ಕಣ್ಣು ಕಂಡವು.

ಗುರುವಾರ ಸಂಜೆ ಮತ್ತೆ ಹೋದೆವು. ಮಾಯಿಲಪ್ಪ ಟ್ಯಾಪಿಂಗ್ ಮುಗಿಸಿ ಮಧ್ಯಾಹ್ನವೇ ಬಂದಿದ್ದರು. ಕೆಟ್ಟ ಮನುಷ್ಯರೇನಲ್ಲ. ಕುಡಿತವಿಲ್ಲ, ಜಗಳವಿಲ್ಲ, ಮಗಳ ಬ್ಯಾನರಿನ ಫೋಟೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ನನಗೂ ತೋರಿಸಿದರು. ಓದು ಮುಂದುವರಿಸುವ ಮಾತು ಬಂದಾಗ ಮಾತ್ರ ಅವರ ಬಾಯಿಂದ ಬಂದದ್ದು ಅವರ ಅಪ್ಪ, ಅಜ್ಜ ಆಡುತ್ತಿದ್ದ ಮಾತೇ.

"ಗಂಡು ನಾಳೆ ಮನೆ ನೋಡ್ಬೇಕಲ್ಲ ಸೇಸಕ್ಕ. ಇವಳು ಹೇಗೂ ಇನ್ನೊಂದು ಮನೆಗೆ ಹೋಗುವವಳು."

"ಹೋಗುವಾಗ ಹೋಗ್ಲಿ. ಈಗ ಈ ಮನೆಯಲ್ಲಿ ಎಷ್ಟು ಕೈ ಉಂಟು, ಲೆಕ್ಕ ಮಾಡು ಮಾಯಿಲಪ್ಪ."

"ಎಂತ ಕೈ?"

"ಕೈ ಮಾರಾಯ, ಕೈ. ನಾಲ್ಕು ಜನ, ಎಂಟು ಕೈ. ಅದರಲ್ಲಿ ಬೀಡಿ ಕಟ್ಟುವುದು ಎಷ್ಟು?"

ಮಾಯಿಲಪ್ಪ ತಮ್ಮ ಕೈಯನ್ನು ನೋಡಿಕೊಂಡರು. ಸೇಸಮ್ಮ ಸೆರಗಿನ ಗಂಟು ಬಿಚ್ಚಿದರು. ಈ ಸಲ ಒಂದು ಬೀಡಿಯಲ್ಲ, ಒಂದಿಷ್ಟು ಎಲೆ, ಹೊಗೆಸೊಪ್ಪು, ಒಂದು ನೂಲುಂಡೆ. ಅದನ್ನು ಜಗಲಿಯ ಮೇಲೆ ಅವರೆದುರಿಗೆ ಇಟ್ಟರು.

"ಮುನ್ನೂರು ಅಂದ್ರೆ ಹನ್ನೆರಡು ಕಟ್ಟು. ಮೋಕ್ಷಿತಾ ನಾಲ್ಕು ಕಟ್ಟುತ್ತಾಳೆ, ಕಾಲೇಜಿಂದ ಬಂದು. ಅಶೋಕ್ ನಾಲ್ಕು, ಅವನೂ ಕಾಲೇಜಿಂದ ಬಂದು. ಉಳಿದದ್ದು ನಾಲ್ಕು."

"ಗಂಡಸರು ಬೀಡಿ ಕಟ್ಟುವುದಾ? ನೋಡಿದವರು ನಗ್ತಾರೆ ಸೇಸಕ್ಕ."

"ನನ್ನ ಸಣ್ಣದರಲ್ಲಿ ಗಂಡಸರೂ ಕಟ್ಟುತ್ತಿದ್ರು. ಕೆಲಸಕ್ಕೆ ಬೊಂಬಾಯಿಗೆ ಬಸ್ಸು ಸಿಕ್ಕಿದ ಮೇಲೆ ನಿಮಗೆಲ್ಲ ನಾಚಿಕೆ ಬಂದದ್ದು. ನಗುವವರು ನಗ್ಲಿ. ನಿನ್ನ ಮನೆಯ ನಾಲ್ಕು ಕಟ್ಟು ಅವರು ಬಂದು ಕಟ್ಟಿ ಕೊಡ್ತಾರಾ?"

ಆಗ ಒಳಗಿನಿಂದ ಮೋಕ್ಷಿತಾ ಬಂದಳು. ಕೈಯಲ್ಲಿ ಅರ್ಜಿ ಇತ್ತು. ಕಾಮರ್ಸ್ ಎಂದು ತಾನೇ ತುಂಬಿಸಿದ್ದಳು, ತಂದೆಯ ಸಹಿಯ ಜಾಗ ಮಾತ್ರ ಖಾಲಿ. "ಅಪ್ಪ, ಬೆಳಗ್ಗೆ ಬೇಗ ಎದ್ದು ಆರು ಕಟ್ಟು ನಾನೇ ಕಟ್ಟುತ್ತೇನೆ. ನೀವು ಸಹಿ ಹಾಕಿ" ಎಂದಳು. ಸೇಸಮ್ಮ ಅವಳನ್ನು ತಡೆದರು. "ಆರು ಬೇಡ. ಹೇಳಿದ್ದು ನಾಲ್ಕು. ನಿನ್ನ ಪಾಲಿನದ್ದಕ್ಕಿಂತ ಒಂದು ಬೀಡಿ ಹೆಚ್ಚು ಕಟ್ಟಿದ್ರೂ ನನಗೆ ಗೊತ್ತಾಗ್ತದೆ, ನೆನಪಿಟ್ಟುಕೋ."

ಮಾಯಿಲಪ್ಪ ಮಗಳ ಕೈಯಿಂದ ಅರ್ಜಿ ತೆಗೆದುಕೊಂಡರು. ಅದನ್ನು ಹಿಡಿದು ಕೂತೇ ಇದ್ದರು. ಕತ್ತಲಾಗುತ್ತಾ ಬಂತೆಂದು ನಾವು ಎದ್ದೆವು. ಗುಡ್ಡ ಇಳಿಯುವಾಗ ಸೇಸಮ್ಮ ಖಾಲಿ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಏಳನೆಯ ಸೋಲಾ ಏನೋ" ಎಂದರು. ಅವರ ಸ್ವರದಲ್ಲಿ ದಣಿವಿತ್ತು.

ಇಷ್ಟೆಲ್ಲ ಬರೆಯುವಾಗ ಒಂದು ಪ್ರಶ್ನೆ ನನ್ನನ್ನೂ ಕಾಡುತ್ತದೆ. ಬೀಡಿ ಯಾರಿಗೂ ಒಳ್ಳೆಯದಲ್ಲ. ಸೇದುವವರ ಎದೆಯನ್ನೂ ಕಟ್ಟುವವರ ಎದೆಯನ್ನೂ ಅದು ಹಾಳುಮಾಡುತ್ತದೆ. ಇದನ್ನು ಸೇಸಮ್ಮನ ಮುಂದಿಟ್ಟೆ. ಅವರಿಗೆ ಸಿಟ್ಟೇನೂ ಬರಲಿಲ್ಲ. "ಸೇದುವವರು ಇವತ್ತು ಬಿಡ್ಲಿ, ನಾವು ನಾಳೆ ಬಿಡ್ತೇವೆ. ಈ ಮಕ್ಕಳು ಕಲಿತರೆ ಬೀಡಿಗೆ ಬರುವವರೇ ಇರುವುದಿಲ್ಲ. ಆಗ ಹಕೀಮಾಕ ಇಲ್ಲಿ ಬೇಕರಿ ಹಾಕ್ಲಿ" ಎಂದರು. ಹಕೀಮಾಕ ತಕ್ಕಡಿಯ ಹಿಂದಿನಿಂದ, "ನನಗೂ ಅದೇ ಆಸೆ" ಎಂದು ಕೂಗಿದರು.

ಆ ಗುರುವಾರದ ಮುಂದಿನ ವಾರ, ಫೋಟೊ ಬೇಕೆಂದು ಮತ್ತೆ ಬ್ರಾಂಚಿಗೆ ಬರುತ್ತೇನೆ. ಬುಧವಾರ, ಅದೇ ಆರೂಮುಕ್ಕಾಲು, ಅದೇ ಕಿಟಕಿ. ಎಲೆ ಬಾರದೆ ಶುಕ್ರವಾರದಿಂದ ನಿಂತಿದ್ದ ಕೆಲಸ ನಿನ್ನೆ ಮತ್ತೆ ಸುರುವಾಗಿದೆ, ಆಮೇಲೆ ಬೀಡಿ ಬರುವುದು ಇವತ್ತೇ ಮೊದಲು. ಸಾಲಿನಲ್ಲಿ ಜಲಜಾಕ್ಷಿ ಇದ್ದಾರೆ, ನನ್ನ ಮುಖ ನೋಡುವುದಿಲ್ಲ. ನಾನೂ ಕೇಳುವ ಧೈರ್ಯ ಮಾಡುವುದಿಲ್ಲ. ಅವರ ಸರದಿ ಬರುತ್ತದೆ. ಚೀಲದಿಂದ ಕಟ್ಟುಗಳು ಮೇಜಿಗೆ ಬರುತ್ತವೆ. ಸೇಸಮ್ಮ ಒಂದೊಂದೇ ಎತ್ತಿ ನೋಡುತ್ತಾರೆ. ಇಪ್ಪತ್ತೆಂಟು ಕಟ್ಟು ಸರಸರನೆ ಹೋಗುತ್ತವೆ, ಅವು ಜಲಜಾಕ್ಷಿಯವು.

ಮುಂದಿನ ನಾಲ್ಕರಲ್ಲಿ ಕೈ ನಿಧಾನವಾಗುತ್ತದೆ. ಗಂಟನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಬಿಗಿಯಾಗಿದೆ, ಆದರೆ ಎಲೆ ಹರಿದಿಲ್ಲ. ನಾಲ್ಕನ್ನೂ ಬದಿಗಿಡುತ್ತಾರೆ. ಅದರ ಮುಂದಿನ ನಾಲ್ಕರಲ್ಲಿ ಬೀಡಿಗಳು ಒಂದು ಉದ್ದ, ಒಂದು ಗಿಡ್ಡ. "ಇವನು ಮೊಬೈಲ್ ನೋಡ್ತಾ ಕಟ್ಟಿದ್ದು" ಎಂದು ಅರ್ಧದಷ್ಟನ್ನು ಬುಟ್ಟಿಗೆ ಹಾಕುತ್ತಾರೆ. ಜಲಜಾಕ್ಷಿ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ.

ಕೊನೆಯ ನಾಲ್ಕು ಕಟ್ಟು. ಸೇಸಮ್ಮ ಒಂದನ್ನು ಎತ್ತುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ, ಕನ್ನಡಕ ತೆಗೆದು ಕಣ್ಣೊರೆಸಿ ಮತ್ತೆ ಹಾಕುತ್ತಾರೆ. ನನ್ನ ಕೈಗೂ ಕೊಡುತ್ತಾರೆ. ಹೊಗೆಸೊಪ್ಪಿನ ಘಾಟಿನ ನಡುವೆ ಇನ್ನೊಂದು ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಕೊಳೆತದ್ದು. ರಬ್ಬರ್ ಹಾಲಿನದ್ದು. ಎಷ್ಟು ಸೋಪು ಹಾಕಿ ತೊಳೆದರೂ ಟ್ಯಾಪಿಂಗ್ ಮಾಡುವವರ ಬೆರಳಿನಿಂದ ಅದು ಹೋಗುವುದಿಲ್ಲ.

"ಗುರುವಾರ ನೀವು ಹೋದ ಮೇಲೆ ಸಹಿ ಹಾಕಿದ್ರು" ಎನ್ನುತ್ತಾರೆ ಜಲಜಾಕ್ಷಿ. "ಮತ್ತೆ ನೀವಿಟ್ಟು ಹೋದ ಎಲೆ ತಗೊಂಡು ಕೂತ್ರು. ಮೊದಲ ದಿನ ಬಾಗಿಲು ಹಾಕಿ, ಒಳಗೆ. ನಿನ್ನೆ ಜಗಲಿಯಲ್ಲೇ."

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ ತಿರುವಿನ ಕಡೆಗೆ ಓಡುತ್ತಾ ಹೋಗುತ್ತಾಳೆ, ಬ್ರಾಂಚಿನ ಕಿಟಕಿಯ ಕಡೆ ಒಮ್ಮೆ ಕೈ ಎತ್ತುತ್ತಾಳೆ. ಸೇಸಮ್ಮ ಕೈ ಎತ್ತುವುದಿಲ್ಲ, ಅವರ ಎರಡೂ ಕೈಯಲ್ಲಿ ಮಾಯಿಲಪ್ಪನ ಕಟ್ಟುಗಳಿವೆ. ಬಸ್ಸು ತಿರುವು ದಾಟುವವರೆಗೆ ನೋಡುತ್ತಾ ನಿಂತು, ಆಮೇಲೆ ಆ ನಾಲ್ಕೂ ಕಟ್ಟನ್ನು ಒಂದೂ ಬಿಡದೆ ಎಡಗಡೆಯ ಬುಟ್ಟಿಗೆ ಸುರಿಯುತ್ತಾರೆ.

"ಅಯ್ಯೋ, ಎಲ್ಲ ರಿಜೆಕ್ಟಾ ಸೇಸಕ್ಕ?" ಜಲಜಾಕ್ಷಿ ಈಗ ನಿಜವಾಗಿಯೂ ನಗುತ್ತಿದ್ದಾರೆ.

"ಮತ್ತೆಂತ? ಇದನ್ನು ಬೀಡಿ ಅಂತ ಯಾರಾದ್ರೂ ಹೇಳ್ತಾರಾ?" ಎನ್ನುತ್ತಾರೆ ಸೇಸಮ್ಮ. ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ನಗು ನಿಲ್ಲುವ ಹೊತ್ತಿಗೆ ನಾನು ಪತ್ರಿಕೆಯವರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ: ಇನ್ನು ನಿಮಗೆ ಏನು ಆಸೆ ಸೇಸಮ್ಮ?

ಅವರು ಮುಂದಿನವರ ಚೀಲಕ್ಕೆ ಕೈ ಚಾಚುತ್ತಾರೆ.

"ದೀಪಾವಳಿಗೆ ಮೊದಲು ಮಾಯಿಲಪ್ಪನ ಗಂಟು ಸರಿಯಾಗ್ಬೇಕು. ಅವನಿಗೊಂದು ತಡ್ಪೆ ನಾನೇ ತಂದು ಕೊಡ್ತೇನೆ, ಹೊಸತು."